ಹನ್ನೊಂದು ತಿಂಗಳ ಮನೆ

ಊರಿಗೆ ಹೋದಾಗ ಯಾರಾದರೂ "ಮುಂಬಯಿಯಲ್ಲಿ ನಿನಗೆಂಥ ಕೆಲಸ?" ಅಂತ ಕೇಳಿದರೆ "ಆಫೀಸು" ಎಂದು ಮಾತು ತೇಲಿಸುತ್ತಿದ್ದೆ. ನಿಜ ಹೇಳಬೇಕೆಂದರೆ, ಸಯನ್‌ನಲ್ಲಿ ನಾನು ಬಾಡಿಗೆ ಮನೆಗಳ ದಲಾಲನಾಗಿದ್ದೆ. ಮನೆ ತೋರಿಸುವುದು, ಡಿಪಾಸಿಟ್ ಕುದುರಿಸುವುದು, ಎರಡೂ ಕಡೆಯಿಂದ ಒಂದೊಂದು ತಿಂಗಳ ಬಾಡಿಗೆಯಷ್ಟು ದಲಾಲಿ ತೆಗೆದುಕೊಳ್ಳುವುದು, ಇಷ್ಟೇ.

ಸಯನ್‌ಗೆ ಮರಾಠಿಯಲ್ಲಿ 'ಶೀವ್' ಅನ್ನುತ್ತಾರೆ; ಗಡಿ ಎಂದರ್ಥ. ಹಳೆಯ ಮುಂಬಯಿ ದ್ವೀಪ ಇಲ್ಲಿಗೆ ಮುಗಿಯುತ್ತಿತ್ತು. 1896ರ ಪ್ಲೇಗಿನ ಹೊಡೆತದಿಂದ 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾ, ಸಯನ್ ಕಡೆ ಹೊಸ ಬಡಾವಣೆಗಳನ್ನು ಮಾಡಿತು. ನಮ್ಮ ಕರಾವಳಿಯವರೂ ಮಾಟುಂಗಾದಿಂದ ಸಯನ್‌ವರೆಗೆ ಹಬ್ಬಿಕೊಂಡರು.

ಅಂಥವರಲ್ಲಿ ಉಡುಪಿ ಕಡೆಯ ಅಜ್ಜಿಯೊಬ್ಬರು ನನ್ನ ಹತ್ತಿರ ಯಾವಾಗಲೂ ಕೇಳುತ್ತಿದ್ದುದು ಒಂದೇ ಮಾತು: "11 ತಿಂಗಳಾದ ಮೇಲೆ ಅವರು ಏಳ್ತಾರಲ್ಲ ಮಾರಾಯಾ?"

ಅವರ ಹೆದರಿಕೆಗೆ ಕಾರಣವಿತ್ತು. 1947ರ ಬಾಡಿಗೆ ಕಾಯ್ದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಬಾಡಿಗೆದಾರನನ್ನು ಎಬ್ಬಿಸುವುದೂ ಸುಲಭವಿರಲಿಲ್ಲ. ಅದಕ್ಕೇ ಮಾಲೀಕರು 'ಲೀವ್ ಅಂಡ್ ಲೈಸೆನ್ಸ್' ಎಂಬ ದಾರಿ ಹುಡುಕಿದರು. ಅದರಲ್ಲಿ ಇರುವವನು ಬಾಡಿಗೆದಾರನೇ ಅಲ್ಲ, ಇರಲು ಅನುಮತಿ ಪಡೆದವನು ಮಾತ್ರ. ಆದರೆ 1973ರ ತಿದ್ದುಪಡಿ, ಆ ವರ್ಷ ಫೆಬ್ರವರಿ 1ರಂದು ಹಾಗೆ ವಾಸವಿದ್ದವರನ್ನೆಲ್ಲ ಬಾಡಿಗೆದಾರರೆಂದೇ ಒಪ್ಪಿಕೊಂಡಿತು. ಅಜ್ಜಿಯ ಯಜಮಾನರು 1972ರಲ್ಲಿ ಊರಿನವರೆಂಬ ವಿಶ್ವಾಸದಿಂದ ಒಬ್ಬರಿಗೆ ಕೊಟ್ಟ ಫ್ಲ್ಯಾಟು ಮತ್ತೆ ಕೈಗೆ ಬರಲೇ ಇಲ್ಲ. ಇನ್ನೊಂದು ಫ್ಲ್ಯಾಟಿಗೆ ಅಜ್ಜಿ ವರ್ಷಗಟ್ಟಲೆ ಬೀಗ ಹಾಕಿಟ್ಟಿದ್ದರು.

ಮಲ್ಪೆ ವಿಶ್ವನಾಥ ಆಚಾರ್ಯ ಎಂಬವರ ಮೊಕದ್ದಮೆಯಲ್ಲಿ 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿಡುವುದು ಕಾಲಕ್ಕೆ ಹೊಂದದ ಅನ್ಯಾಯ ಎಂದಿತು. 2000ದ ಮಾರ್ಚ್ 31ರಿಂದ ಹೊಸ ಕಾಯ್ದೆ ಜಾರಿಯಾಯಿತು. ಹಳೆಯ ಬಾಡಿಗೆದಾರರ ರಕ್ಷಣೆ ಉಳಿಯಿತು, ಬಾಡಿಗೆ ವರ್ಷಕ್ಕೆ ಶೇ. 4 ಏರಿಸಬಹುದಾಯಿತು. ಲೈಸೆನ್ಸಿನವರು ಮಾತ್ರ ಅವಧಿ ಮುಗಿದ ಕೂಡಲೇ ಏಳಬೇಕು. ಕರಾರನ್ನು ಬರೆದು ನೋಂದಾಯಿಸುವುದು ಮಾಲೀಕರ ಹೊಣೆ. ಅಜ್ಜಿ ಧೈರ್ಯ ಮಾಡಿ ಬೀಗ ತೆಗೆದರು.

ನಾನು ತಂದ ಸಂಸಾರದಲ್ಲಿ ಹತ್ತನೇ ಕ್ಲಾಸಿನ ಹುಡುಗನಿದ್ದ. 11 ತಿಂಗಳು ಮುಗಿದದ್ದು ಜನವರಿಯಲ್ಲಿ. "ಅಣ್ಣಾ, ಪರೀಕ್ಷೆ ಮುಗಿಯುವವರೆಗೆ ಅಜ್ಜಿ ಹತ್ರ ಒಂದು ಮಾತು ಹೇಳಿ" ಅಂದಳು ತಾಯಿ. ಕೇಳಿದ್ದರೆ ಅಜ್ಜಿ ಒಪ್ಪುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ. ಹೊಸಬರು ಬಂದರೆ ಎರಡೂ ಕಡೆಯ ದಲಾಲಿ ಮತ್ತೆ ಸಿಗುತ್ತಿತ್ತು. "ಅಜ್ಜಿ ಆಗುವುದಿಲ್ಲ ಅಂದ್ರು" ಎಂದುಬಿಟ್ಟೆ.

ಅವರು ಡೊಂಬಿವಲಿಗೆ ಹೋದರು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಸಯನ್ ಸ್ಟೇಷನ್ನಿನಲ್ಲಿ, ಕಿಕ್ಕಿರಿದ ಲೋಕಲ್ಲಿನಿಂದ ಆ ಹುಡುಗ ಇಳಿಯುವುದನ್ನು ಕಂಡೆ. ಕೈಯಲ್ಲಿ ಪರೀಕ್ಷೆಯ ರಟ್ಟು. ನನ್ನನ್ನು ನೋಡಿ ನಕ್ಕು, "ನಮಸ್ಕಾರ ಮಾಮಾ" ಅಂದ.

ಆಮೇಲೆ ಮಕ್ಕಳಿರುವವರ ಕರಾರನ್ನೆಲ್ಲ ಏಪ್ರಿಲ್ ಕೊನೆಗೆ ಮುಗಿಯುವ ಹಾಗೆ ಬರೆಸತೊಡಗಿದೆ. ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಮೊದಲೂ ಇರಲಿಲ್ಲ.