ಕಂತೆಗೆ ತಕ್ಕ ಬೊಂತೆ: ಕೌದಿಯ ಗಂಟು ಒಂದು ಚಾರಿತ್ರಿಕ ಆಕರ

1

ಕನ್ನಡ ನಾಡಿನ ವಸ್ತ್ರಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಮಗ್ಗದಲ್ಲಿ ಆರಂಭವಾಗಿ ಅಂಗಡಿಯಲ್ಲಿ ಮುಗಿಯುತ್ತವೆ. ಇಳಕಲ್ಲಿನ ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸುವ ಕ್ರಮ, ಗುಳೇದಗುಡ್ಡದ ಖಣದ ಮಾದರಿಗಳು, ಮೊಳಕಾಲ್ಮುರುವಿನ ರೇಷ್ಮೆ ಇವುಗಳ ಬಗೆಗೆ ನಮಗೆ ತಕ್ಕಮಟ್ಟಿಗೆ ತಿಳಿದಿದೆ. ಆ ಸೀರೆಯನ್ನು ಉಟ್ಟು, ಒಗೆದು, ಅದು ಹರಿದ ಮೇಲೆ ಏನಾಯಿತು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಬಟ್ಟೆಯ ಈ ಎರಡನೆಯ ಆಯುಸ್ಸು ಕಳೆಯುವುದು ಮನೆಯೊಳಗೆ, ಹೆಂಗಸರ ಕೈಯಲ್ಲಿ. ಅದರ ಮುಖ್ಯ ರೂಪ ಕೌದಿ.

ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲ್ಪದರಕ್ಕೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ದಪ್ಪ ದಾರದಿಂದ ಅಂಚಿನಿಂದ ನಡುವಿನತ್ತ ಸಾಲುಸಾಲಾಗಿ ಹೊಲಿದುಕೊಂಡು ಹೋಗುವ ಈ ಹೊದಿಕೆಯನ್ನು ಕುರಿತು ಈಚಿನ ದಶಕಗಳಲ್ಲಿ ಕೆಲವು ಬರಹಗಳು ಬಂದಿವೆ. ಅವು ಕೌದಿಯನ್ನು ಜನಪದ ಕಲೆಯೆಂದು ಕೊಂಡಾಡುತ್ತವೆ, ಇಲ್ಲವೇ ಬಡತನದ ಉಪಾಯವೆಂದು ವಿವರಿಸುತ್ತವೆ. ಎರಡರಲ್ಲಿಯೂ ಸತ್ಯಾಂಶವಿದೆ. ಎರಡೂ ಹೊಲಿದು ಮುಗಿದ ಕೌದಿಯನ್ನು ಮಾತ್ರ ನೋಡುತ್ತವೆ ಎಂಬುದು ನಮ್ಮ ಆಕ್ಷೇಪ. ಕೌದಿ ಹೊಲಿಯುವ ಮನೆಯಲ್ಲಿ ಕೆಲಸವೆಂಬುದು ಎಂದೂ ಪೂರ್ತಿಯಾಗಿ ಮುಗಿದಿರುವುದಿಲ್ಲ. ಹೊದ್ದುಕೊಳ್ಳಲು ಒಂದು ಇರುತ್ತದೆ. ಅರ್ಧ ಹೊಲಿದು ಮಡಿಸಿಟ್ಟದ್ದು ಇನ್ನೊಂದು. ಮೂರನೆಯದು ಇನ್ನೂ ಗಂಟಿನಲ್ಲಿರುತ್ತದೆ. ಸೀರೆ ಹರಿದಂತೆಲ್ಲ, ಕುಬಸ ಬಿಗಿಯಾದಂತೆಲ್ಲ ಗಂಟು ಬೆಳೆಯುತ್ತದೆ. ಕೌದಿ ಎದ್ದಾಗ ತುಸು ಕರಗುತ್ತದೆ. ಆ ಗಂಟೇ ಕೌದಿಯ ಚರಿತ್ರೆಗೆ ಪ್ರಧಾನ ಆಕರವೆಂಬುದನ್ನು ಪ್ರತಿಪಾದಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಕನ್ನಡ ಭಾಷೆ ಈ ಸಂಗತಿಯನ್ನು ಮೊದಲೇ ಅರಿತಿತ್ತು. ಸಂಸ್ಕೃತದ ಕಂಥಾ ಎಂದರೆ ತೇಪೆಗಳಿಂದ ಕೂಡಿಸಿದ ಹೊದಿಕೆ. ಬಂಗಾಳದ ಹೊಲಿಗೆಯ ಪ್ರಸಿದ್ಧ ಹೆಸರಾದ ಕಾಂಥಾ ಇದರಿಂದಲೇ ಬಂದಿದೆ. ಕನ್ನಡದಲ್ಲಿ ಕಂತೆಯೆಂದಾಗ ಚಿಂದಿಯ ಹೊದಿಕೆಯೆಂಬ ಅರ್ಥದ ಜೊತೆಗೆ ಕಟ್ಟು, ಹೊರೆ ಎಂಬ ಅರ್ಥವೂ ಸೇರಿತು. ಹೊದಿಕೆಗೂ ಗಂಟಿಗೂ ಒಂದೇ ಮಾತು. ಬೊಂತೆ ಎಂಬುದು ಇದೇ ವಸ್ತುವಿಗೆ ಸಲ್ಲುವ ಇನ್ನೊಂದು ಪದ. ತೆಲುಗಿನಲ್ಲಿ ಬೊಂತ ಎಂಬ ರೂಪದಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಕಂತೆಗೆ ತಕ್ಕ ಬೊಂತೆ ಎಂಬ ಗಾದೆಯನ್ನು ನಾವು ಜೋಡಿ ಸರಿಹೋದುದನ್ನು ಹಾಸ್ಯವಾಗಿ ಹೇಳಲು ಬಳಸುತ್ತೇವೆ. ಅದನ್ನು ಅಕ್ಷರಶಃ ಓದಿಕೊಂಡರೆ ಕೌದಿಯ ಶಾಸ್ತ್ರವೇ ಅದರಲ್ಲಿದೆ: ಗಂಟಿನಲ್ಲಿ ಎಂತಹ ಬಟ್ಟೆಯೋ ಹೊದಿಕೆಯೂ ಅಂತಹುದು.

ತೇಪೆಯ ಬಟ್ಟೆಗೆ ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಗೌರವ ದೊರೆತದ್ದು ವೈರಾಗ್ಯದ ಸಂದರ್ಭದಲ್ಲಿ. ಕಸದ ರಾಶಿಯಿಂದ ಆಯ್ದ ಬಟ್ಟೆಯಿಂದ ಮಾಡಿದ ಪಾಂಸುಕೂಲ ಚೀವರವನ್ನು ಬೌದ್ಧ ಭಿಕ್ಷುಗಳು ಧರಿಸುತ್ತಿದ್ದರು. ಮಗಧದ ಗದ್ದೆಗಳ ಬದುಗಳಂತೆ ತುಂಡುಗಳನ್ನು ಜೋಡಿಸುವ ವಿನ್ಯಾಸವನ್ನು ಆನಂದನು ರೂಪಿಸಿದನೆಂದು ವಿನಯಪಿಟಕ ತಿಳಿಸುತ್ತದೆ. ಭರ್ತೃಹರಿಯ ವೈರಾಗ್ಯಶತಕದಲ್ಲಿ ಕಂಥೆ ಬರುವುದೂ ವಿರಕ್ತನ ಲಕ್ಷಣವಾಗಿಯೇ. ಕನ್ನಡದಲ್ಲಿ ಬಿಡಾಡಿ ಎಂಬ ಅಂಕಿತದ ವಚನಕಾರ್ತಿ ಬೊಂತಾದೇವಿಯ ಹೆಸರಿನಲ್ಲಿಯೇ ಈ ವಸ್ತುವಿದೆ. ದಿಗಂಬರೆಯಾಗಿ ಹೊರಟ ಆಕೆಗೆ ಶಿವನು ಬೊಂತೆಯನ್ನು ಕರುಣಿಸಿದನೆಂಬುದು ಐತಿಹ್ಯ. ಈ ಎಲ್ಲ ಪ್ರಸಂಗಗಳಲ್ಲಿ ಹೊದ್ದವರ ಹೆಸರು ಉಳಿಯಿತು. ಕುಳಿತು ಹೊಲಿದವರು ಯಾರೆಂದು ತಿಳಿಯುವುದಿಲ್ಲ.

ಎರಡು ಬಗೆಯ ಆಕರಗಳನ್ನು ಇಲ್ಲಿ ಹೋಲಿಸಬಹುದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ವಸ್ತ್ರಭೋಗ, ಶಯ್ಯಾಭೋಗಗಳಿಗೆ ಪ್ರತ್ಯೇಕ ಪ್ರಕರಣಗಳಿವೆ. ಅರಸನ ಉಡುಗೆಯೂ ಹಾಸಿಗೆಯೂ ಅಲ್ಲಿ ಸವಿವರವಾಗಿ ಬಂದಿವೆ. ಶರಣರಲ್ಲಿ ಜೇಡರ ದಾಸಿಮಯ್ಯ, ಕದಿರ ರೆಮ್ಮವ್ವೆ, ಸೂಜಿಕಾಯಕದ ರಾಮಿತಂದೆ ಎಂಬ ಹೆಸರುಗಳಿವೆ. ಮಗ್ಗ, ಕದಿರು, ಸೂಜಿ ಮೂರೂ ಕಾಯಕವಾಗಿ ವ್ಯಕ್ತಿಯ ಹೆಸರಿಗೆ ಅಂಟಿಕೊಂಡಿವೆ. ಮನೆಮಂದಿಗಾಗಿ ಹಳೆಯ ಬಟ್ಟೆಯನ್ನು ಕೂಡಿಸಿ ಹೊಲಿಯುವ ಕೆಲಸಕ್ಕೆ ಕೂಲಿಯಿರಲಿಲ್ಲ, ಗಿರಾಕಿ ಇರಲಿಲ್ಲ. ಹಾಗಾಗಿ ಅದು ಹೆಸರಿನ ಮುಂದೆ ನಿಲ್ಲುವ ಕಾಯಕವಾಗಲಿಲ್ಲ ಎಂದು ನಾವು ಭಾವಿಸುತ್ತೇವೆ. ಇದರ ಮೇಲೆ ಕೌದಿ ಸವೆದು ಹೋಗುವ ವಸ್ತು. ಹಳೆಯ ಕೌದಿಯೇ ಹೊಸ ಕೌದಿಯ ಒಳಪದರವಾಗುತ್ತದೆ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಪೋರ್ಚುಗೀಸರಿಗಾಗಿ ಬಂಗಾಳದಲ್ಲಿ ಸಿದ್ಧವಾದ ಕಸೂತಿಯ ಹೊದಿಕೆಗಳು ಯುರೋಪಿನ ಸಂಗ್ರಹಾಲಯಗಳಲ್ಲಿ ಉಳಿದಿವೆ. ಅವು ಮಾರಾಟದ ಸರಕು. ಮನೆಬಳಕೆಯ ಹೊದಿಕೆಗೆ ಆ ಭಾಗ್ಯವಿಲ್ಲ.

3

ಕೌದಿಯ ಗಂಟಿನ ಸ್ವರೂಪ ಗಮನಾರ್ಹವಾಗಿ ಬದಲಾದದ್ದು ಗಿರಣಿಗಳ ಕಾಲದಲ್ಲಿ. ಮುಂಬಯಿಯಲ್ಲಿ ಮೊದಲ ಹತ್ತಿಯ ಗಿರಣಿ 1854ರಲ್ಲಿ ಸ್ಥಾಪಿತವಾಗಿ 1856ರಲ್ಲಿ ಕೆಲಸ ಆರಂಭಿಸಿತು. 1870ರ ದಶಕದಲ್ಲಿ ಸೊಲ್ಲಾಪುರಕ್ಕೂ 1880ರ ದಶಕದಲ್ಲಿ ಗೋಕಾಕ, ಗುಲ್ಬರ್ಗಾಗಳಿಗೂ ಗಿರಣಿಗಳು ಬಂದವು. ಈ ನಡುವೆ 1876-78ರ ಬರಗಾಲ ವಿಜಾಪುರ, ಧಾರವಾಡ ಸೀಮೆಗಳನ್ನು ಬಡಿದಿತ್ತು. ಗಿರಣಿಯ ಬಟ್ಟೆ ಅಗ್ಗವಾಗಿತ್ತು, ತೆಳುವಾಗಿತ್ತು, ಬೇಗ ಹರಿಯುತ್ತಿತ್ತು. ಕೈಮಗ್ಗದ ಸೀರೆ ವರ್ಷಗಟ್ಟಲೆ ಬಾಳಿ ಗಂಟಿಗೆ ನಿಧಾನವಾಗಿ ಸೇರುತ್ತಿದ್ದರೆ, ಗಿರಣಿಯ ಸೀರೆ ಬೇಗನೆ ಸೇರಿತು. ಅಚ್ಚು ಹಾಕಿದ ಚೀಟಿ ಬಟ್ಟೆಯೂ ಜೊತೆಗೂಡಿ ಬಣ್ಣಗಳು ಹೆಚ್ಚಿದವು. ಗಿರಣಿಯಲ್ಲಿಯೇ ದುಡಿಯುವವರ ಮನೆಗಳಲ್ಲಿ ಇನ್ನೊಂದು ಮೂಲ ತೆರೆಯಿತು. ದೋಷವುಳ್ಳ ತುಂಡುಗಳೂ ಕತ್ತರಿಸಿ ಉಳಿದ ಚೂರುಗಳೂ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತಿದ್ದವು. ಮುಂಬಯಿಯ ಕನ್ನಡಿಗರ ಬಾಯಲ್ಲಿ ಚಿಂದಿ ಎಂಬ ಪದ ಈ ಸರಕಿನ ಹೆಸರಾಗಿಯೂ ನಿಂತಿತು.

ಹಾಗೆಂದು ಗಂಟು ಒಂದೇ ಸಮನೆ ಬೆಳೆಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಟ್ಟೆಯ ಅಭಾವ ತೀವ್ರವಾಗಿ 1943ರಲ್ಲಿ ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣಾಜ್ಞೆ ಹೊರಟಿತು. ಸೊಲ್ಲಾಪುರದ ಹಳೆಯ ದೊಡ್ಡ ಗಿರಣಿ 1949ರ ಆಗಸ್ಟಿನಲ್ಲಿ ಮುಚ್ಚಿದಾಗ ಕೇಂದ್ರ ಸರ್ಕಾರ 1950ರ ಜನವರಿಯಲ್ಲಿ ಅದರ ಆಡಳಿತವನ್ನು ಸುಗ್ರೀವಾಜ್ಞೆಯ ಮೂಲಕ ವಹಿಸಿಕೊಂಡಿತು. ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮುಂಬಯಿಯಲ್ಲಿ 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಭಾಗವಹಿಸಿದ್ದರು. ಅವರಲ್ಲಿ ಅನೇಕರು ಮರಳಿ ಗಿರಣಿಯ ಬಾಗಿಲು ಕಾಣಲಿಲ್ಲ. ಈ ಘಟನೆಗಳ ದಾಖಲೆ ಸರ್ಕಾರಿ ಕಡತಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಇದೆ. ಅವು ಮನೆಯೊಳಗೆ ಹೇಗೆ ಮುಟ್ಟಿದವೆಂಬುದಕ್ಕೆ ಗಂಟು ಸಾಕ್ಷಿ ಹೇಳಬಲ್ಲದು.

ಸೊಲ್ಲಾಪುರವು ಸಿದ್ಧರಾಮನ ಸೊನ್ನಲಿಗೆ. 1960ರಿಂದ ಮಹಾರಾಷ್ಟ್ರದಲ್ಲಿರುವ ಈ ಊರಿನಲ್ಲಿ ಇಂದಿಗೂ ಕನ್ನಡವಾಡುವ ಮನೆಗಳು ಬಹಳ. ಅಂತಹ ಒಂದು ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರು ತಮ್ಮ ಗಂಟನ್ನು ನಮ್ಮೆದುರು ಬಿಚ್ಚಿ ತೋರಿಸಿದರು. ಮೇಲೆ ಮೊಮ್ಮಕ್ಕಳ ಅಂಗಿಗಳು. ಅವುಗಳ ಕೆಳಗೆ ವಾಯಿಲ್ ಸೀರೆಗಳ ತುಂಡುಗಳು. ಅದರಡಿ ಗಿರಣಿಯ ಒರಟು ಬಟ್ಟೆ. ತಳದಲ್ಲಿ ಕೆಂಪು ಸೆರಗಿನ ಇಳಕಲ್ ಸೀರೆ ಇಡಿಯಾಗಿಯೇ ಇತ್ತು. “ಇದು ನಮ್ಮ ಅತ್ತೀದು. ಇದಕ್ಕ ಇನ್ನಾ ಕತ್ತರಿ ಹಚ್ಚಿಲ್ರಿ, ಮನಸ್ಸಾಗಂಗಿಲ್ಲ” ಎಂದರು. ಉತ್ಖನನದ ಸ್ತರಗಳನ್ನು ಓದುವ ಪುರಾತತ್ತ್ವಜ್ಞನಿಗೆ ಈ ಕ್ರಮ ಅಪರಿಚಿತವಲ್ಲ. ಒಂದೊಂದು ತುಂಡು ಯಾರದು, ಯಾವ ಮದುವೆಗೆ ಕೊಂಡದ್ದು, ಯಾವ ಊರಿನ ಸಂತೆಯದು ಎಂಬುದನ್ನು ಆ ತಾಯಿ ತಡವರಿಸದೆ ಹೇಳಿದರು. ಪಕ್ಕದಲ್ಲಿದ್ದ ಸೊಸೆಗೆ ಅವುಗಳಲ್ಲಿ ಮೇಲಿನ ಸ್ತರದ ಪರಿಚಯ ಮಾತ್ರವಿತ್ತು. ಆಕೆ ಆ ವಸ್ತುವನ್ನು ಗೋಧಡಿ ಎಂದು ಕರೆಯುತ್ತಿದ್ದರು. ಅತ್ತೆ ಕೌದಿ ಎನ್ನುತ್ತಿದ್ದರು.

4

ಗಂಟು ಕರಗಿದ್ದಕ್ಕೆ ಕಾರಣಗಳನ್ನು ಹುಡುಕುವಾಗ ಕಾಲ ಬದಲಾಯಿತು ಎಂಬ ಸಾಮಾನ್ಯ ಹೇಳಿಕೆ ಸಾಲದು. ನಮಗೆ ಮೂರು ಕಾರಣಗಳು ಸ್ಪಷ್ಟವಾಗಿ ತೋರುತ್ತವೆ. ಮೊದಲನೆಯದು ನೂಲಿನ ಬದಲಾವಣೆ. 1960ರ ದಶಕದಿಂದ ಟೆರಿಲಿನ್, ಟೆರಿಕಾಟ್, ನೈಲಾನ್ ಬಟ್ಟೆಗಳು ಹರಡಿದವು. 1985ರ ಜವಳಿ ನೀತಿ ಕೃತಕ ನೂಲಿಗೆ ಇನ್ನಷ್ಟು ಆಸ್ಪದ ಕೊಟ್ಟಿತು. ಹತ್ತಿ ಬಟ್ಟೆ ಒಗೆದಷ್ಟೂ ಮೆತ್ತಗಾಗುತ್ತದೆ, ಬೆವರು ಹೀರುತ್ತದೆ. ಕೃತಕ ನೂಲಿನ ಸೀರೆ ಹರಿಯುವುದೂ ಇಲ್ಲ, ಮೆತ್ತಗಾಗುವುದೂ ಇಲ್ಲ. ಪದರಗಳು ಒಂದರ ಮೇಲೊಂದು ಜಾರುತ್ತವೆ. ಕೂಸಿನ ಮೈಗೆ ಅದು ಹಿತವಲ್ಲ.

ಎರಡನೆಯದು ಪಾತ್ರೆಯ ವಿನಿಮಯ. ಮುಂಬಯಿ, ಪುಣೆಗಳಂತಹ ನಗರಗಳಲ್ಲಿ ಹಳೆಯ ಬಟ್ಟೆ ಪಡೆದು ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಬಾಗಿಲಿಗೆ ಬರತೊಡಗಿದ ಮೇಲೆ ಹರಿದ ಸೀರೆಗೆ ಮೊದಲ ಬಾರಿಗೆ ಮನೆಯ ಹೊರಗೆ ಬೆಲೆ ಬಂತು. ಗಂಟಿಗೆ ಸೇರಬೇಕಾದುದು ತಟ್ಟೆ ಲೋಟಗಳಾಗಿ ಅಡುಗೆಮನೆಯ ಮಾಡದ ಮೇಲೆ ಸಾಲಾಗಿ ನಿಂತಿತು. ಮೂರನೆಯದು ನೆಲದ ಅಭಾವ. ಕೌದಿ ಹೊಲಿಯಲು ಅದರ ಪೂರ್ಣ ಅಳತೆಯಷ್ಟು ನೆಲ ಕೆಲವು ದಿನಗಳವರೆಗಾದರೂ ಬೇಕು. ಚಾಳಿನ ಒಂದೇ ಕೋಣೆಯಲ್ಲಿ ಅದು ದುರ್ಲಭ. ಊರೂರು ಅಲೆದು ಕೌದಿ ಹೊಲಿದುಕೊಡುವ ಹೆಂಗಸರು ಅಂಗಳದಲ್ಲಿಯೋ ಗುಡಿಯ ಕಟ್ಟೆಯ ಮೇಲೋ ಕೆಲಸ ಹರಡುತ್ತಿದ್ದುದು ಇದೇ ಕಾರಣಕ್ಕೆ.

ಉತ್ತರ ಕನ್ನಡದ ಸಿದ್ದಿ ಸಮುದಾಯದ ನಿದರ್ಶನ ಇಲ್ಲಿ ಉಪಯುಕ್ತ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಹೆಂಗಸರು ಒಂದು ಅಂಚಿನಿಂದ ತೊಡಗಿ ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಫುಲ ಎಂಬ ಮಡಿಕೆಯ ತುಂಡನ್ನು ಇಡದೆ ಹೊದಿಕೆ ಪೂರ್ಣವಾಗದು. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರ ಅಧ್ಯಯನದಿಂದ ಈ ಹೊದಿಕೆಗಳು ಹೊರದೇಶಗಳಲ್ಲಿಯೂ ಪ್ರದರ್ಶನಗೊಂಡವು. ಮನ್ನಣೆ ಬಂದದ್ದು ಸಂತೋಷದ ಸಂಗತಿ. ಆದರೆ ಮಾರಾಟಕ್ಕೆ ಹೊಲಿಯತೊಡಗಿದಾಗ ಬಟ್ಟೆಯ ಆಯ್ಕೆಯಲ್ಲಿ ಕೊಳ್ಳುವವರ ರುಚಿಯೂ ಸೇರುತ್ತದೆ ಎಂಬುದನ್ನು ಚರಿತ್ರಕಾರ ನೆನಪಿಡಬೇಕಾಗುತ್ತದೆ.

5

ಈಚೆಗೆ ನಗರಗಳಲ್ಲಿ ಹವ್ಯಾಸಕ್ಕಾಗಿ ಕ್ವಿಲ್ಟ್ ಹೊಲಿಯುವವರ ಒಂದು ಬಳಗವೇ ಬೆಳೆದಿದೆ. 2019ರಲ್ಲಿ ಚೆನ್ನೈಯಲ್ಲಿ ಇಂಡಿಯಾ ಕ್ವಿಲ್ಟ್ ಫೆಸ್ಟಿವಲ್ ನಡೆಯಿತು. ಇವರ ಕಪಾಟುಗಳಲ್ಲಿಯೂ ಬಟ್ಟೆಯ ರಾಶಿ ಬೆಳೆಯುತ್ತಿರುತ್ತದೆ. ಇವರ ಕೈಯಲ್ಲಿಯೂ ಒಂದೇ ಸಮಯಕ್ಕೆ ಮೂರು ನಾಲ್ಕು ಕೆಲಸಗಳು ಅರ್ಧಕ್ಕೆ ನಿಂತಿರುತ್ತವೆ. ಇದು ಕೌದಿಯ ಪರಂಪರೆಯ ಮುಂದುವರಿಕೆ ಎಂದು ಕೆಲವರು ಹೇಳಿದರೆ, ಉಳ್ಳವರ ವಿಲಾಸವೆಂದು ಕೆಲವರು ತಳ್ಳಿಹಾಕುತ್ತಾರೆ.

ವ್ಯತ್ಯಾಸ ಸ್ಪಷ್ಟವಾಗಿದೆ. ಕೌದಿಯಲ್ಲಿ ಬಟ್ಟೆ ಮೊದಲು, ವಿನ್ಯಾಸ ಆಮೇಲೆ. ಇರುವ ತುಂಡುಗಳು ಎಷ್ಟಕ್ಕೆ ಬರುತ್ತವೆಯೋ ಅಷ್ಟು. ಹವ್ಯಾಸದ ಹೊಲಿಗೆಯಲ್ಲಿ ಬಹುಮಟ್ಟಿಗೆ ವಿನ್ಯಾಸ ಮೊದಲು. ಅದಕ್ಕೆ ಹೊಂದುವ ಹೊಸ ಬಟ್ಟೆಯನ್ನು ಕೊಂಡು ತಂದು ಕತ್ತರಿಸುತ್ತಾರೆ. ಒಂದು ಗಂಟು ಉಡುವುದು ಮುಗಿದದ್ದರಿಂದ ಬೆಳೆಯಿತು, ಇನ್ನೊಂದು ಕೊಳ್ಳುವುದರಿಂದ ಬೆಳೆಯುತ್ತದೆ. ಆದರೂ ಈ ಎರಡನೆಯ ರಾಶಿಯನ್ನು ನಾವು ಕಡೆಗಣಿಸುವಂತಿಲ್ಲ. ಯಾವ ಊರಿಗೆ ಹೋದಾಗ ಕೊಂಡದ್ದು, ಯಾರಿಗೆ ಹೊಲಿಯಬೇಕೆಂದು ತೆಗೆದಿಟ್ಟದ್ದು, ಯಾಕೆ ನಿಂತುಹೋಯಿತು ಎಂಬ ವಿವರಗಳು ಅದರಲ್ಲಿಯೂ ಇವೆ. ತಾಯಿಯ ಸೀರೆಯ ಒಂದು ತುಂಡನ್ನು ಹೊಸ ಬಟ್ಟೆಯ ನಡುವೆ ಇಟ್ಟು ಹೊಲಿಯುವವರೂ ಇದ್ದಾರೆ. ಅಲ್ಲಿ ಎರಡು ಕ್ರಮಗಳು ಒಂದೇ ಹೊದಿಕೆಯಲ್ಲಿ ಕೂಡುತ್ತವೆ.

6

ಹೊರನಾಡಿನ ಕನ್ನಡ ಸಂಶೋಧಕರಿಗೆ ಇಲ್ಲಿ ತುರ್ತಾದ ಕೆಲಸವೊಂದಿದೆ. ಅಂದವಾದ ಕೌದಿಯನ್ನು ಕೊಂಡು ಸಂಗ್ರಹಾಲಯದಲ್ಲಿ ಇಡುವವರು ದೊರೆಯುತ್ತಾರೆ. ಗಂಟನ್ನು ಯಾರೂ ಕೊಳ್ಳುವುದಿಲ್ಲ. ಅದರ ಒಡತಿ ತೀರಿಕೊಂಡ ಕೆಲವೇ ದಿನಗಳಲ್ಲಿ ಅದು ಮನೆಯಿಂದ ಹೊರಬೀಳುತ್ತದೆ. ಬಟ್ಟೆ ಉಳಿದರೂ ಅದರ ಕುಲಗೋತ್ರ ಹೇಳುವ ಬಾಯಿ ಇರುವುದಿಲ್ಲ. ಆದಕಾರಣ ಸೊಲ್ಲಾಪುರ, ಮುಂಬಯಿ, ಪುಣೆ, ಹೈದರಾಬಾದುಗಳ ಕನ್ನಡ ಮನೆಗಳಲ್ಲಿ ಒಡತಿಯ ಸಮ್ಮುಖದಲ್ಲಿಯೇ ಗಂಟನ್ನು ಬಿಚ್ಚಿಸಿ, ಮೇಲಿನಿಂದ ಕೆಳಗೆ ಯಾವ ಕ್ರಮದಲ್ಲಿ ಇತ್ತೋ ಅದೇ ಕ್ರಮದಲ್ಲಿ ಪ್ರತಿ ತುಂಡನ್ನೂ ದಾಖಲಿಸಬೇಕು: ಬಟ್ಟೆಯ ಜಾತಿ, ಉಟ್ಟವರೊಡನೆ ಇರುವ ಸಂಬಂಧ, ಕೊಂಡ ಊರು, ನೆನಪಿದ್ದರೆ ವರ್ಷ. ಅರ್ಧಕ್ಕೆ ನಿಂತ ಕೌದಿಗಳಿದ್ದರೆ ನಿಂತ ಕಾರಣವನ್ನೂ ಕೇಳಬೇಕು. ಸೂಜಿ, ದಾರ, ಹೊಲಿಗೆಯ ಸಾಲು, ಮೂಲೆ, ನಡು ಇವುಗಳಿಗೆ ಆ ಮನೆಯಲ್ಲಿ ಬಳಸುವ ಮಾತುಗಳನ್ನು, ಅವು ಕನ್ನಡವೇ ಆಗಲಿ ಮರಾಠಿ ತೆಲುಗುಗಳೇ ಆಗಲಿ, ಹೇಳಿದಂತೆಯೇ ಬರೆದುಕೊಳ್ಳಬೇಕು, ತಿದ್ದಕೂಡದು. ದಾಖಲಿಸಿದ ಮೇಲೆ ಗಂಟನ್ನು ಹಾಗೆಯೇ ಕಟ್ಟಿ ಒಡತಿಗೆ ಒಪ್ಪಿಸಬೇಕು. ಅದು ಇನ್ನೂ ಕೌದಿಯಾಗಬೇಕಾದ ಬಟ್ಟೆ.