ಸುಣ್ಣದ ಕುದಿ, ಬುನಾದಿಯ ಬಿಸಿ

ಘಟಪ್ರಭಾ ಎಡದಂಡೆ ಕಾಲುವೆಗೆ ನೀರು ತಿರುಗಿಸಲು ಧುಪದಾಳದಲ್ಲಿ 1897ರಲ್ಲಿ ಪೂರ್ಣಗೊಂಡ ಒಡ್ಡು, ಅರಭಾವಿ ಸೀಮೆಯಲ್ಲಿ ಸಿಮೆಂಟ್ ಕಾಂಕ್ರೀಟಿಗೆ ಹಿಂದಿನ ಕಟ್ಟಡಕಾಲವನ್ನು ನೆನಪಿಸುತ್ತದೆ. ಆ ಕಾಲದ ಗಾರೆ ಕೆಲಸದಲ್ಲಿ ಸುಣ್ಣದ ಗುಣವನ್ನು ತಿಳಿಸುತ್ತಿದ್ದುದು ಬಿಸಿ. ನೀರು ಬಿದ್ದೊಡನೆ ಕುದಿದು ಹಿಟ್ಟಾದರೆ ಸುಣ್ಣ ಹದವಾಗಿ ಬೆಂದಿದೆ; ತಣ್ಣಗೆ ಹೆಂಟೆಯಾಗಿಯೇ ಉಳಿದರೆ ಸರಿಯಾಗಿ ಬೆಂದಿಲ್ಲ, ಇಲ್ಲವೆ ಗಾಳಿಗೆ ಕೆಟ್ಟಿದೆ.

ಆದರೆ ಈ ಕಾವು ಗಾರೆ ಗೋಡೆ ಸೇರುವ ಮೊದಲೇ ಆರಿಹೋಗುತ್ತಿತ್ತು. ನೆಲದೊಳಗಿನ ಸ್ಥಿತಿ ಅಗೋಚರವಾಗಿಯೇ ಉಳಿಯುತ್ತಿತ್ತು. ಇಂತಹ ಅಗೋಚರಕ್ಕೆ ಜನಪದ ಕಲ್ಪನೆ ಕಂಡುಕೊಂಡ ಉತ್ತರ ಬಲಿ. ‘ಕೆರೆಗೆ ಹಾರ’ದಲ್ಲಿ ಕೆರೆಗೆ ನೀರು ಬಾರದಿದ್ದಾಗ ಅದರ ಬೆಲೆ ತೆತ್ತವಳು ಕಿರಿಸೊಸೆ ಭಾಗೀರಥಿ.

ಸಿಮೆಂಟ್ ಬುನಾದಿಯೊಳಗೇ ಗಟ್ಟಿಯಾಗುತ್ತ ಬಿಸಿ ಬಿಡುತ್ತದೆ. ಆಳದ ಕಾಂಕ್ರೀಟ್ ಕಂಬದ ಉಷ್ಣತೆಯನ್ನು ಮೊದಲ ಒಂದೆರಡು ದಿನಗಳಲ್ಲಿ ಆಳಾಳಕ್ಕೆ ಅಳೆದರೆ, ಬಿಸಿ ಕುಂದಿದೆಡೆ ಕಂಬ ಸಣ್ಣದಾಗಿರುವುದು ಅಥವಾ ಮಣ್ಣು ಸೇರಿರುವುದು, ಹೆಚ್ಚಿದೆಡೆ ಅದು ಉಬ್ಬಿರುವುದು ಒಡೆಯದೆಯೇ ತಿಳಿಯುತ್ತದೆ. ಅಮೆರಿಕದ ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ವಿಧಾನಕ್ಕೆ 2014ರಲ್ಲಿ ಎಎಸ್‌ಟಿಎಂ ಮಾನದಂಡ ದೊರೆಯಿತು.

ಎರಡು ಬಿಸಿಗಳ ರಾಸಾಯನಿಕ ಕ್ರಿಯೆ ಬೇರೆ. ಬಿಸಿಯಿಂದ ಗುಣವನ್ನರಿಯುವ ವಿವೇಕ ಒಂದೇ. ಬಲಿಯ ಕಥನವನ್ನು ಶ್ರದ್ಧೆಯಿಂದ ಸಂಗ್ರಹಿಸಿದ ಜಾನಪದ ಅಧ್ಯಯನವು ಗಾರೆಯವರ ಈ ಪರೀಕ್ಷಾಜ್ಞಾನವನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಬೇಕಾಗಿದೆ.