ಶಿಲುಬೆಗೆ ಮುನ್ನ ತ್ಯಾಗ: ಸಂತ ದೇವಸಹಾಯಂ

ತಮ್ಮನ್ನು ಹಿಂಬಾಲಿಸಬಯಸುವವನು ಮೊದಲು ತನ್ನನ್ನು ತಾನೇ ತೊರೆಯಬೇಕು, ಅನಂತರ ಶಿಲುಬೆಯನ್ನು ಹೊರಬೇಕು ಎಂಬುದು ಪ್ರಭು ಯೇಸುಕ್ರಿಸ್ತರ ಬೋಧನೆ. ಈ ಕ್ರಮವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕಷ್ಟ ಬಂದಾಗ ಅದನ್ನು ನಮ್ಮ ಪಾಲಿನ ಶಿಲುಬೆಯೆಂದು ಹೇಳಿ ಸಮಾಧಾನ ತಂದುಕೊಳ್ಳುತ್ತೇವೆ. ಅದಕ್ಕೂ ಮೊದಲು ತೊರೆಯಬೇಕಾದುದು ಯಾವುದೆಂದು ನಮ್ಮನ್ನು ನಾವು ಕೇಳಿಕೊಳ್ಳುವುದು ಅಪರೂಪ. ದಕ್ಷಿಣ ಭಾರತದ ನೆಲದಲ್ಲಿಯೇ ಬಾಳಿ ಪ್ರಾಣವರ್ಪಿಸಿದ ಒಬ್ಬ ಗೃಹಸ್ಥರ ಚರಿತ್ರೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಇಂದಿನ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿದ ನಟ್ಟಾಲಂ ಗ್ರಾಮ ಅಂದು ತಿರುವಾಂಕೂರು ಸಂಸ್ಥಾನದಲ್ಲಿತ್ತು. ಅಲ್ಲಿ 1712ರ ಏಪ್ರಿಲ್ 23ರಂದು ಮೇಲ್ಜಾತಿಯೆನಿಸಿದ ನಾಯರ್ ಮನೆತನದಲ್ಲಿ ನೀಲಕಂಠ ಪಿಳ್ಳೆ ಜನಿಸಿದರು. ಮುಂದೆ ಮಹಾರಾಜ ಮಾರ್ತಾಂಡವರ್ಮರ ಆಸ್ಥಾನದಲ್ಲಿ ಅಧಿಕಾರಿಯಾದರು. ವಿದ್ಯೆ, ಪದವಿ, ಕುಲಗೌರವ ಯಾವುದಕ್ಕೂ ಅವರಿಗೆ ಕೊರತೆಯಿರಲಿಲ್ಲ.

1741ರ ಕೊಳಚಲ್ ಯುದ್ಧದಲ್ಲಿ ಡಚ್ಚರು ಸೋತರು. ಅಂದು ಸೆರೆಸಿಕ್ಕ ಡಿ ಲನಾಯ್ ಎಂಬ ಸೇನಾಧಿಕಾರಿ ಮಹಾರಾಜರ ವಿಶ್ವಾಸ ಗಳಿಸಿ, ತಿರುವಾಂಕೂರಿನ ಸೈನ್ಯಕ್ಕೆ ತರಬೇತು ನೀಡತೊಡಗಿದನು. ಕಥೋಲಿಕನಾದ ಆತನಿಗೂ ನೀಲಕಂಠರಿಗೂ ಸ್ನೇಹ ಬೆಳೆಯಿತು. ಸಂಸಾರದಲ್ಲಿ ಒದಗಿದ ನಷ್ಟಗಳಿಂದ ನೀಲಕಂಠರು ಕುಗ್ಗಿದ್ದಾಗ ಡಿ ಲನಾಯ್ ಅವರಿಗೆ ಯೋಬನ ಕಥೆಯನ್ನು ಹೇಳಿದನಂತೆ. ಎಲ್ಲವನ್ನೂ ಕಳೆದುಕೊಂಡರೂ ದೇವರನ್ನು ಬಿಡದ ಆ ಭಕ್ತನ ಚರಿತ್ರೆ ಅವರ ಮನಸ್ಸಿನಲ್ಲಿ ನಾಟಿತು. 1745ರ ಮೇ 14ರಂದು ವಡಕ್ಕನ್‌ಕುಳಂ ಗ್ರಾಮದಲ್ಲಿ ಯೇಸುಸಭೆಯ ಗುರುಗಳಿಂದ ಜ್ಞಾನಸ್ನಾನ ಪಡೆದರು. ಲಾಜರ ಎಂಬ ಹೆಸರಿನ ಅರ್ಥವನ್ನೇ ತಳೆದ ‘ದೇವಸಹಾಯಂ’ ಅವರ ಹೊಸ ಹೆಸರಾಯಿತು. ಅವರ ಧರ್ಮಪತ್ನಿಯೂ ಜ್ಞಾನಸ್ನಾನ ಪಡೆದರು.

ಅವರ ಆತ್ಮತ್ಯಾಗ ಇಲ್ಲಿಂದ ಆರಂಭವಾಯಿತೆಂದು ನಾವು ತಿಳಿಯುತ್ತೇವೆ. ಹೊಸ ವಿಶ್ವಾಸವನ್ನು ಹೃದಯದಲ್ಲಿ ಬಚ್ಚಿಟ್ಟುಕೊಂಡು, ಹಳೆಯ ಅಂತಸ್ತನ್ನೂ ಉಳಿಸಿಕೊಳ್ಳುವ ದಾರಿಯನ್ನು ಅವರು ಹಿಡಿಯಲಿಲ್ಲ. ಜಾತಿಭೇದವಿಲ್ಲದೆ ಮನುಷ್ಯರೆಲ್ಲರೂ ಸಮಾನರೆಂದು ಸಾರಿದರು, ಕೀಳೆನಿಸಿಕೊಂಡವರೊಡನೆ ಬೆರೆತರು. ಹುಟ್ಟಿನಿಂದ ಬಂದ ಮೇಲ್ಮೆಯನ್ನು ಕೈಯಾರೆ ಕಳಚಿಟ್ಟವರನ್ನು ಆ ಕಾಲದ ಸಮಾಜ ಸಹಿಸಲಿಲ್ಲ.

1749ರಲ್ಲಿ ರಾಜದ್ರೋಹದ ಸುಳ್ಳು ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಮುಂದಿನ ಮೂರು ವರ್ಷಗಳ ಯಾತನೆ ವರ್ಣನಾತೀತ. ಕೋಣದ ಮೇಲೆ ಹಿಂದುಮುಂದಾಗಿ ಕೂರಿಸಿ ಊರೂರು ಮೆರೆಸಿದರು. ಹೊಡೆದು, ಗಾಯಗಳಿಗೆ ಮೆಣಸಿನಪುಡಿ ಸವರಿದರು. ಆದರೂ ಅವರ ವಿಶ್ವಾಸ ಕದಲಲಿಲ್ಲ. ಅವರ ತಾಳ್ಮೆಯನ್ನು ಕಂಡ ಜನರು ಅವರ ಪ್ರಾರ್ಥನೆಯನ್ನು ಬೇಡಿ ಬರುತ್ತಿದ್ದರು. 1752ರ ಜನವರಿ 14ರಂದು ಆರಲ್ವಾಯ್‌ಮೊಳಿ ಬಳಿಯ ಕಾಟ್ಟಾಡಿಮಲೆಯ ಕಾಡಿನಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಭಕ್ತರು ಅವರ ಅಸ್ಥಿಗಳನ್ನು ತಂದು ಕೋಟ್ಟಾರಿನ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇವಾಲಯದಲ್ಲಿ ಸಮಾಧಿ ಮಾಡಿದರು.

ಈ ಚರಿತ್ರೆ ಅಲ್ಲಿಗೇ ಮುಗಿಯದು. ದೇವಸಹಾಯಂ ಜ್ಞಾನಸ್ನಾನ ಪಡೆದ ವಡಕ್ಕನ್‌ಕುಳಂನಲ್ಲಿಯೇ 19ನೆಯ ಶತಮಾನದಲ್ಲಿ ಕಟ್ಟಿದ ದೇವಾಲಯದೊಳಗೆ, ಎರಡು ಜಾತಿಗಳ ಭಕ್ತರನ್ನು ಬೇರ್ಪಡಿಸುವ ಗೋಡೆಯೊಂದು ನಿಂತಿತ್ತು. ಒಂದೇ ಬಲಿಪೀಠ, ಒಂದೇ ಪರಮಪ್ರಸಾದ, ನಡುವೆ ಗೋಡೆ! 1910ರಲ್ಲಿ ಅದನ್ನು ಕೆಡವಲಾಯಿತು. ರಕ್ತಸಾಕ್ಷಿಯನ್ನು ಸ್ಮರಿಸುವುದು ಸುಲಭ, ಆತ ತೊರೆದುದನ್ನು ತೊರೆಯುವುದು ಕಠಿಣ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

2012ರ ಡಿಸೆಂಬರ್ 2ರಂದು ನಾಗರಕೋವಿಲಿನಲ್ಲಿ ಅವರನ್ನು ಪುನೀತರೆಂದು ಘೋಷಿಸಲಾಯಿತು. 2022ರ ಮೇ 15ರಂದು ವಿಶ್ವಗುರು ಫ್ರಾನ್ಸಿಸರು ಅವರನ್ನು ಸಂತರ ಸಾಲಿಗೆ ಸೇರಿಸಿದರು. ಗುರುವೂ ಅಲ್ಲದ, ಸನ್ಯಾಸಿಯೂ ಅಲ್ಲದ ಭಾರತೀಯ ಶ್ರೀಸಾಮಾನ್ಯರೊಬ್ಬರಿಗೆ ದೊರೆತ ಮೊದಲ ಸಂತಪದವಿ ಅದು. ಅದಕ್ಕೆ ಮುನ್ನ ‘ಪಿಳ್ಳೆ’ ಎಂಬ ಜಾತಿಸೂಚಕ ಪದವನ್ನು ಅವರ ಹೆಸರಿನಿಂದ ಕೈಬಿಡಲಾಯಿತು. ಅವರು ಬದುಕಿನಲ್ಲಿ ಕಳಚಿಟ್ಟುದನ್ನು ಧರ್ಮಸಭೆ ಅವರ ಹೆಸರಿನಿಂದಲೂ ಕಳಚಿತು.

ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದೆ. ತಪಸ್ಸುಕಾಲದಲ್ಲಿ ನಾವು ಉಪವಾಸವಿರುತ್ತೇವೆ, ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಮೊಣಕಾಲೂರುತ್ತೇವೆ. ಅವೆಲ್ಲವೂ ಪಾವನವೇ. ಆದರೆ ಮದುವೆಯ ಮಾತುಕತೆಯಲ್ಲಿ, ಊಟದ ಪಂಕ್ತಿಯಲ್ಲಿ, ಸಂಘದ ಚುನಾವಣೆಯಲ್ಲಿ ಕುಲ ಯಾವುದೆಂದು ಇನ್ನೂ ವಿಚಾರಿಸುತ್ತಿದ್ದರೆ, ನಮ್ಮ ನಡುವಿನ ಗೋಡೆ ಇನ್ನೂ ಬಿದ್ದಿಲ್ಲವೆಂದೇ ಅರ್ಥ. ಅದನ್ನು ಕೆಡವುವ ಧೈರ್ಯವನ್ನು, ಅದರಿಂದ ಬರಬಹುದಾದ ನೋವನ್ನು ಸಹಿಸುವ ಶಕ್ತಿಯನ್ನು ಸಂತ ದೇವಸಹಾಯಂ ಅವರ ಪ್ರಾರ್ಥನೆಯ ಮೂಲಕ ಪ್ರಭು ನಮಗೆ ಕರುಣಿಸಲಿ.